ಮಗುವಿನ ಮೊದಲ ಮಲದಲ್ಲಿ ಪ್ರಶ್ನೆ ಹುಡುಕಿದ ವೈದ್ಯ: ಥಿಯೋಡರ್ ಎಶೆರಿಶ್

ಗದಗ-ಬೆಟಗೇರಿಯಲ್ಲಿ ನಲ್ಲಿ ನೀರು ದಿನವೂ ಬರುವುದಿಲ್ಲ. ಬಂದ ದಿನ ಸಿಂಟೆಕ್ಸ್, ಬ್ಯಾರಲ್, ಕೊಡ ಎಲ್ಲ ತುಂಬಿಟ್ಟುಕೊಂಡು ಮುಂದಿನ ಸರದಿಯವರೆಗೆ ಸಂಭಾಳಿಸುವುದು ಇಲ್ಲಿನ ಮನೆಗಳಿಗೆ ಹಳೆಯ ಅಭ್ಯಾಸ. ಹೀಗೆ ತುಂಬಿಟ್ಟ ನೀರನ್ನು ಪ್ರಯೋಗಾಲಯಕ್ಕೆ ಕಳಿಸಿದರೆ ಬರುವ ವರದಿಯಲ್ಲಿ ಒಂದು ಸಾಲು ಇದ್ದೇ ಇರುತ್ತದೆ: ಇ. ಕೋಲಿ ಇದೆಯೋ ಇಲ್ಲವೋ. ಭಾರತದ ಕುಡಿಯುವ ನೀರಿನ ಮಾನದಂಡದ ಪ್ರಕಾರ 100 ಮಿಲಿಲೀಟರ್ ನೀರಿನಲ್ಲಿ ಒಂದೇ ಒಂದು ಇ. ಕೋಲಿ ಕೂಡ ಕಾಣಬಾರದು.

ಈ ಇ. ಕೋಲಿಯ ಪೂರ್ತಿ ಹೆಸರು ಎಶೆರಿಕಿಯಾ ಕೋಲಿ. ಕೋಲಿ ಎಂದರೆ ದೊಡ್ಡ ಕರುಳಿಗೆ ಸೇರಿದ್ದು. ಎಶೆರಿಕಿಯಾ ಎಂಬುದು ಒಬ್ಬ ಮನುಷ್ಯನ ಹೆಸರಿನಿಂದ ಬಂದದ್ದು. ಅವರು ನೀರಿನ ಇಂಜಿನಿಯರ್ ಅಲ್ಲ, ಮಕ್ಕಳ ವೈದ್ಯರು. ಅವರು ಈ ಬ್ಯಾಕ್ಟೀರಿಯಾವನ್ನು ಮೊದಲು ಕಂಡದ್ದು ಹಸುಗೂಸುಗಳ ಮಲದಲ್ಲಿ. ಅವರನ್ನು ಕಾಡಿದ ಪ್ರಶ್ನೆ ಇಂದು ಲಕ್ಷ್ಮೇಶ್ವರದ, ಶಿರಹಟ್ಟಿಯ, ಮುಂಡರಗಿಯ ಯಾವುದೇ ಬಾಣಂತಿಯ ಕೋಣೆಯಲ್ಲಿ ಏಳುವ ಪ್ರಶ್ನೆಯೇ: ಹುಟ್ಟಿದ ಮಗು ನೀರಿನಂತೆ ಭೇದಿ ಮಾಡುತ್ತಿದೆ, ಏನು ಮಾಡಬೇಕು?

ಈ ಲೇಖನದಲ್ಲಿ ನಾವು ಥಿಯೋಡರ್ ಎಶೆರಿಶ್ ಅವರ ಬದುಕನ್ನು ಹೇಳುತ್ತೇವೆ. ಅವರಿಗೆ ಸಿಕ್ಕ ಉತ್ತರಗಳು ಯಾವುವು, ಸಿಗದೇ ಉಳಿದದ್ದು ಯಾವುದು, ಅದರಿಂದ ನಮ್ಮ ಮನೆಯ ಕೂಸಿಗೆ ಏನು ಉಪಯೋಗ ಎಂಬುದನ್ನೂ ನೋಡೋಣ.

ಲೆಕ್ಕ ಬರೆಯುವ ವೈದ್ಯನ ಮಗ

ಎಶೆರಿಶ್ ಹುಟ್ಟಿದ್ದು 1857ರ ನವೆಂಬರ್ 29ರಂದು, ಈಗಿನ ಜರ್ಮನಿಯ ಬವೇರಿಯಾ ಪ್ರಾಂತ್ಯದ ಆನ್ಸ್‌ಬಾಕ್ ಎಂಬ ಊರಿನಲ್ಲಿ. ತಂದೆ ಫರ್ಡಿನಾಂಡ್ ಸರ್ಕಾರಿ ವೈದ್ಯಾಧಿಕಾರಿ. ರೋಗಿಗಳನ್ನು ನೋಡುವುದರ ಜೊತೆಗೆ ಎಷ್ಟು ಜನ ಹುಟ್ಟಿದರು, ಎಷ್ಟು ಜನ ಸತ್ತರು ಎಂಬ ಅಂಕಿಸಂಖ್ಯೆಯಲ್ಲೂ ಅವರಿಗೆ ಆಸಕ್ತಿ. ತಾಯಿ ತೀರಿಕೊಂಡಾಗ ಥಿಯೋಡರ್‌ಗೆ ಇನ್ನೂ ಐದು ವರ್ಷ. ಮುಂದೆ ಕುಟುಂಬ ವೂರ್ಟ್ಸ್‌ಬುರ್ಗ್ ನಗರಕ್ಕೆ ಬಂದಿತು. ಹುಡುಗ ಬಹಳ ತುಂಟ. ಶಿಸ್ತು ಕಲಿಯಲಿ ಎಂದು ಹನ್ನೆರಡನೆಯ ವಯಸ್ಸಿನಲ್ಲಿ ಅವನನ್ನು ಆಸ್ಟ್ರಿಯಾದ ಒಂದು ಜೆಸ್ವಿಟ್ ವಸತಿ ಶಾಲೆಗೆ ಹಾಕಿದರು.

ಆ ಕಾಲದ ಬವೇರಿಯಾ ಹಸುಗೂಸುಗಳಿಗೆ ಒಳ್ಳೆಯ ಜಾಗವಾಗಿರಲಿಲ್ಲ. ಹುಟ್ಟಿದ ಮೂರು ಮಕ್ಕಳಲ್ಲಿ ಸುಮಾರು ಒಂದು ಮಗು ವರ್ಷ ತುಂಬುವುದರೊಳಗೆ ಸಾಯುತ್ತಿತ್ತು. ಬೇಸಿಗೆ ಬಂತೆಂದರೆ ಸಾವು ಏರುತ್ತಿತ್ತು, ಕಾರಣ ಹೆಚ್ಚಾಗಿ ವಾಂತಿಭೇದಿ. ಇದಕ್ಕೆ ಬಡತನ ಒಂದೇ ಕಾರಣವಾಗಿರಲಿಲ್ಲ. ಅಲ್ಲಿನ ಅನೇಕ ಕಡೆ ಕೂಸಿಗೆ ಎದೆಹಾಲು ಕೊಡದೆ, ಹಿಟ್ಟಿನ ಗಂಜಿ, ಹಸುವಿನ ಹಾಲು, ಸಕ್ಕರೆ ಕಲಸಿ ಕೊಡುವುದು ರೂಢಿಯಾಗಿತ್ತು. ಫ್ರಿಜ್ ಇಲ್ಲದ ಕಾಲ. ಬೆಳಿಗ್ಗೆ ಕರೆದ ಹಾಲು ಪಟ್ಟಣದ ಮನೆ ತಲುಪುವಾಗಲೇ ಕೆಡಲು ಶುರುವಾಗುತ್ತಿತ್ತು.

ಎಶೆರಿಶ್ ಸ್ಟ್ರಾಸ್‌ಬುರ್ಗ್, ಕೀಲ್, ಬರ್ಲಿನ್, ವೂರ್ಟ್ಸ್‌ಬುರ್ಗ್‌ಗಳಲ್ಲಿ ವೈದ್ಯಕೀಯ ಓದಿ 1881ರಲ್ಲಿ ಪದವಿ ಪಡೆದರು. ವೂರ್ಟ್ಸ್‌ಬುರ್ಗ್‌ನ ಆಸ್ಪತ್ರೆಯಲ್ಲಿ ಕಾರ್ಲ್ ಗೆರ್‌ಹಾರ್ಟ್ ಅವರ ಸಹಾಯಕರಾದರು. ಗೆರ್‌ಹಾರ್ಟ್‌ಗೆ ಮಕ್ಕಳ ಕಾಯಿಲೆಗಳಲ್ಲಿ ಒಲವಿತ್ತು, ಅದು ಶಿಷ್ಯನಿಗೂ ಹತ್ತಿತು. 1884ರಲ್ಲಿ ಎಶೆರಿಶ್ ಪ್ಯಾರಿಸ್, ವಿಯೆನ್ನಾ ಸುತ್ತಿ ಮ್ಯೂನಿಕ್‌ಗೆ ಬಂದರು.

ನೇಪಲ್ಸ್ ಕಲಿಸಿದ ಪಾಠ

ಅದೇ 1884 ಬ್ಯಾಕ್ಟೀರಿಯಾ ವಿಜ್ಞಾನಕ್ಕೆ ದೊಡ್ಡ ವರ್ಷ. ರಾಬರ್ಟ್ ಕಾಕ್ ನಮ್ಮ ಕಲ್ಕತ್ತೆಗೆ ಬಂದು, ಕಾಲರಾದಿಂದ ಸತ್ತವರ ಕರುಳಿನಲ್ಲೂ ಅಲ್ಲಿನ ಕೆರೆಯ ನೀರಿನಲ್ಲೂ ಅಲ್ಪವಿರಾಮದಂತೆ ಬಾಗಿದ ಬ್ಯಾಕ್ಟೀರಿಯಾವನ್ನು ಗುರುತಿಸಿದ್ದರು. ಡೆನ್ಮಾರ್ಕಿನ ಕ್ರಿಶ್ಚಿಯನ್ ಗ್ರಾಮ್ ಬ್ಯಾಕ್ಟೀರಿಯಾಗಳಿಗೆ ಬಣ್ಣ ಹಾಕಿ ಎರಡು ಗುಂಪಾಗಿ ವಿಂಗಡಿಸುವ ವಿಧಾನ ಪ್ರಕಟಿಸಿದರು. ಇಂದಿಗೂ ಪ್ರತಿ ಪ್ರಯೋಗಾಲಯ ಬಳಸುವ ಗ್ರಾಮ್ ಬಣ್ಣ ಅದೇ.

ಆ ವರ್ಷ ಇಟಲಿಯ ನೇಪಲ್ಸ್‌ನಲ್ಲಿ ಕಾಲರಾ ಹರಡಿ ಸಾವಿರಾರು ಜನ ಸತ್ತರು. ಅಧ್ಯಯನಕ್ಕೆಂದು ಬವೇರಿಯಾ ಸರ್ಕಾರ ಕಳಿಸಿದ ತಂಡದಲ್ಲಿ ರುಡೊಲ್ಫ್ ಎಮ್ಮೆರಿಶ್ ಎಂಬ ಹಿರಿಯರ ಜೊತೆ 26 ವರ್ಷದ ಎಶೆರಿಶ್ ಕೂಡ ಹೋದರು. ಕಾಕ್ ಹೇಳಿದ್ದು ಸರಿಯಲ್ಲ, ಕಾಲರಾಕ್ಕೆ ತಾನು ನೇಪಲ್ಸ್‌ನಲ್ಲಿ ಕಂಡ ಇನ್ನೊಂದು ಬ್ಯಾಕ್ಟೀರಿಯಾವೇ ಕಾರಣ ಎಂದು ಎಮ್ಮೆರಿಶ್ ವಾದಿಸಿದರು. ಆ ಬ್ಯಾಕ್ಟೀರಿಯಾ ಆರೋಗ್ಯವಂತರ ಕರುಳಿನಲ್ಲೂ ಇರುವ ಬಳಗಕ್ಕೆ ಸೇರಿದ್ದು ಎಂದು ಆಮೇಲೆ ಗೊತ್ತಾಯಿತು.

ಇಲ್ಲೊಂದು ಮುಖ್ಯ ವಿಷಯವಿದೆ. ರೋಗಿಯ ಮಲದಲ್ಲಿ ಒಂದು ಬ್ಯಾಕ್ಟೀರಿಯಾ ಸಿಕ್ಕಿತು ಎಂದ ಮಾತ್ರಕ್ಕೆ ಅದೇ ರೋಗಕ್ಕೆ ಕಾರಣ ಎನ್ನಲಾಗದು. ರೋಗವಿಲ್ಲದವರ ಮಲದಲ್ಲಿ ಏನಿದೆ ಎಂಬುದು ಮೊದಲು ಗೊತ್ತಿರಬೇಕು. ಮ್ಯೂನಿಕ್‌ಗೆ ಮರಳಿದ ಎಶೆರಿಶ್ ಹಿಡಿದದ್ದು ಇದೇ ದಾರಿ. ಭೇದಿಯಾದ ಮಗುವನ್ನು ಅರಿಯಬೇಕಾದರೆ ಮೊದಲು ಚೆನ್ನಾಗಿರುವ ಮಗುವನ್ನು ನೋಡಬೇಕು ಎಂದು ಅವರು ತೀರ್ಮಾನಿಸಿದರು.

ಖಾಲಿ ಕರುಳು, ತುಂಬಿದ ಕರುಳು

ಮ್ಯೂನಿಕ್‌ನ ಹೌನರ್ ಮಕ್ಕಳ ಆಸ್ಪತ್ರೆಯಲ್ಲಿ ಅವರ ಕೆಲಸ ನಡೆಯಿತು. ಆರೋಗ್ಯವಂತ ನವಜಾತ ಶಿಶುಗಳ ಮಲವನ್ನು ಹುಟ್ಟಿದ ಗಳಿಗೆಯಿಂದ ಹಂತಹಂತವಾಗಿ ಸಂಗ್ರಹಿಸಿ ಪರೀಕ್ಷಿಸಿದರು. ಮಗುವಿನ ಮೊದಲ ಮಲ ಕಪ್ಪು ಹಸಿರು, ಅಂಟಂಟು. ಹುಟ್ಟಿದ ಕೂಡಲೇ ತೆಗೆದ ಮಾದರಿಯಲ್ಲಿ ಬ್ಯಾಕ್ಟೀರಿಯಾ ಬೆಳೆಯಲಿಲ್ಲ. ಕೆಲವೇ ಗಂಟೆಗಳಲ್ಲಿ, ಹೆಚ್ಚೆಂದರೆ ಒಂದು ದಿನದೊಳಗೆ, ಅದೇ ಮಗುವಿನ ಮಲದಲ್ಲಿ ಬ್ಯಾಕ್ಟೀರಿಯಾಗಳು ಕಾಣಿಸಿಕೊಂಡವು. ಅಂದರೆ ಅವು ಹೊರಗಿನಿಂದ ಬಂದವು: ತಾಯಿಯ ದೇಹದಿಂದ, ಕೈಗಳಿಂದ, ಬಟ್ಟೆಯಿಂದ, ಗಾಳಿಯಿಂದ.

ಮಗು ಹಾಲು ಕುಡಿಯಲು ಶುರುಮಾಡಿದ ಮೇಲೆ ಚಿತ್ರ ಬದಲಾಯಿತು. ಎದೆಹಾಲು ಕುಡಿದ ಮಗುವಿನ ಮಲದಲ್ಲಿ ಕೆಲವೇ ಬಗೆಯ ಬ್ಯಾಕ್ಟೀರಿಯಾಗಳು, ಒಂದು ಹದದಲ್ಲಿ. ಬೇರೆ ಆಹಾರ ಕೊಟ್ಟ ಮಗುವಿನಲ್ಲಿ ಹತ್ತಾರು ಬಗೆಯವು. ಇವುಗಳ ನಡುವೆ ಪದೇಪದೇ ಸಿಕ್ಕ, ಬೇಗ ಬೆಳೆಯುವ, ಚಿಕ್ಕ ಕಡ್ಡಿಯಂಥ ಒಂದಕ್ಕೆ ಅವರು ಬ್ಯಾಕ್ಟೀರಿಯಂ ಕೋಲಿ ಕಮ್ಯೂನ್ ಎಂದು ಹೆಸರಿಟ್ಟರು. ಕರುಳಿನ ಸಾಮಾನ್ಯ ಬ್ಯಾಕ್ಟೀರಿಯಾ ಎಂದು ಅರ್ಥ. 1885ರ ಜುಲೈ 14ರಂದು ಮ್ಯೂನಿಕ್‌ನ ವೈಜ್ಞಾನಿಕ ಸಂಘವೊಂದರಲ್ಲಿ ಈ ಫಲಿತಾಂಶ ಮಂಡಿಸಿದಾಗ ಅವರಿಗೆ 27 ವರ್ಷ. ಮರುವರ್ಷ ಶಿಶುಗಳ ಕರುಳಿನ ಬ್ಯಾಕ್ಟೀರಿಯಾ ಮತ್ತು ಜೀರ್ಣಕ್ರಿಯೆಯ ಬಗ್ಗೆ ಪುಸ್ತಕವನ್ನೇ ಹೊರತಂದರು. ಅವರು ಬೆಳೆಸಿದ ಬ್ಯಾಕ್ಟೀರಿಯಾದ ಒಂದು ತಳಿ ಬ್ರಿಟನ್ನಿನ ರಾಷ್ಟ್ರೀಯ ಸಂಗ್ರಹದಲ್ಲಿ ಇಂದಿಗೂ ಜೀವಂತವಾಗಿದೆ.

ಈಗ ನಮ್ಮ ಮನೆಗೆ ಬರೋಣ. ನವಜಾತ ಶಿಶುವಿನ ಮಲದ ಬಗ್ಗೆ ಇರುವ ಅನೇಕ ಹೆದರಿಕೆಗಳಿಗೆ ಎಶೆರಿಶ್ ತೋರಿದ ದಾರಿಯಲ್ಲೇ ಉತ್ತರವಿದೆ. ಮೊದಲು ಸಹಜ ಯಾವುದು ಎಂದು ತಿಳಿಯಬೇಕು. ಮೊದಲ ಎರಡು ಮೂರು ದಿನ ಕಪ್ಪು ಹಸಿರು ಮಲ, ಆಮೇಲೆ ಹಸಿರು ಮಿಶ್ರಿತ ಹಳದಿ, ನಾಲ್ಕೈದು ದಿನದ ಹೊತ್ತಿಗೆ ಸಾಸಿವೆ ಬಣ್ಣದ, ತೆಳ್ಳಗಿನ, ಸಣ್ಣ ಕಾಳುಕಾಳಾದ ಮಲ. ಎದೆಹಾಲು ಮಾತ್ರ ಕುಡಿಯುವ ಕೂಸು ಪ್ರತಿ ಸಲ ಹಾಲು ಕುಡಿದ ಮೇಲೂ ಹೀಗೆ ಹೋಗಬಹುದು, ದಿನಕ್ಕೆ ಎಂಟು ಹತ್ತು ಸಲ. ಮಗು ಚುರುಕಾಗಿದ್ದು, ಚೆನ್ನಾಗಿ ಹಾಲು ಕುಡಿದು, ತೂಕ ಏರುತ್ತಿದ್ದರೆ ಅದು ಭೇದಿಯಲ್ಲ. ಇದನ್ನು ಜುಲಾಬು ಎಂದು ತಿಳಿದು ಔಷಧಿ ಹಾಕುವುದೇ ತಪ್ಪು. ಮಲ ಇದ್ದಕ್ಕಿದ್ದಂತೆ ನೀರಿನಂತಾದರೆ, ಮೊದಲಿಗಿಂತ ಎಷ್ಟೋ ಹೆಚ್ಚಾದರೆ, ರಕ್ತ ಕಂಡರೆ ಅದು ಭೇದಿ.

ಹಾಲು ನಿಲ್ಲಿಸುವುದೇ, ಕೊಡುವುದೇ?

ಎಶೆರಿಶ್ ತಮ್ಮ ಪ್ರಯೋಗಾಲಯದ ಕೆಲಸದಿಂದ ತಲುಪಿದ ನಿಲುವು ಸರಳವಾಗಿತ್ತು: ಕೂಸಿಗೆ ತಾಯಿಯ ಹಾಲಿಗೆ ಸಮನಾದದ್ದು ಇಲ್ಲ. ಏಕೆ ಎಂಬುದು ಅವರಿಗೆ ಪೂರ್ತಿ ತಿಳಿದಿರಲಿಲ್ಲ. ಎದೆಹಾಲು ಕುಡಿದ ಮಗುವಿನ ಕರುಳಿನಲ್ಲಿ ಅತಿ ಹೆಚ್ಚಾಗಿರುವ ಬೈಫಿಡೊ ಬ್ಯಾಕ್ಟೀರಿಯಾಗಳು ಅವರ ಕೈಗೆ ಸಿಕ್ಕಿರಲಿಲ್ಲ. ಅವು ಗಾಳಿ ತಾಗಿದರೆ ಬೆಳೆಯುವುದಿಲ್ಲ. ಸುಮಾರು 1900ರಲ್ಲಿ ಪ್ಯಾರಿಸ್‌ನ ಹೆನ್ರಿ ತಿಸ್ಸಿಯೇ ಅವನ್ನು ಗುರುತಿಸಿದರು.

ಇಂದು ನಮಗೆ ಇನ್ನಷ್ಟು ಗೊತ್ತಿದೆ. ಎದೆಹಾಲಿನಲ್ಲಿ ಮಗುವಿಗೆ ಜೀರ್ಣಿಸಲು ಬಾರದ ಒಂದು ಬಗೆಯ ಸಕ್ಕರೆ ಸಾಕಷ್ಟು ಇದೆ. ಜೀರ್ಣವಾಗದ ಸಕ್ಕರೆ ಹಾಲಿನಲ್ಲಿ ಯಾಕಿರಬೇಕು? ಅದು ಮಗುವಿಗಲ್ಲ, ಮಗುವಿನ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ಊಟ. ಅವು ಬೆಳೆದಾಗ ಕರುಳು ಆಮ್ಲೀಯವಾಗಿ, ಕೆಟ್ಟ ಬ್ಯಾಕ್ಟೀರಿಯಾಗಳಿಗೆ ನೆಲೆ ಸಿಗುವುದಿಲ್ಲ. ಜೊತೆಗೆ ತಾಯಿಯ ದೇಹ ತಯಾರಿಸಿದ ರೋಗನಿರೋಧಕ ಪ್ರೋಟೀನುಗಳು ಹಾಲಿನ ಮೂಲಕ ಕೂಸಿನ ಕರುಳಿಗೆ ಇಳಿಯುತ್ತವೆ. ಹೆರಿಗೆಯಾದ ಮೊದಲ ದಿನಗಳ ಹಳದಿ ಗಿಣ್ಣದ ಹಾಲಿನಲ್ಲಿ ಇವು ಅತಿ ಹೆಚ್ಚು. ಆ ಹಾಲನ್ನು ಹಿಂಡಿ ಚೆಲ್ಲುವುದು ಮಗುವಿನ ಮೊದಲ ರಕ್ಷಣೆಯನ್ನೇ ಚೆಲ್ಲಿದಂತೆ.

ಹಾಗಿದ್ದೂ ಕೂಸಿಗೆ ಭೇದಿಯಾದರೆ ಮನೆಯಲ್ಲಿ ಮೊದಲು ಬರುವ ಸಲಹೆ, ಹಾಲು ಬಿಡಿಸಿ, ಹೊಟ್ಟೆಗೆ ವಿಶ್ರಾಂತಿ ಸಿಗಲಿ ಎಂಬುದು. ತಾಯಿಯ ಹಾಲು ಕೆಟ್ಟಿದೆ, ತಾಯಿ ತಿಂದ ಬದನೆಕಾಯಿ ಮಗುವಿಗೆ ತಾಗಿದೆ ಎಂಬ ಮಾತು ಬಾಣಂತಿಯ ಮೇಲೆ ಬೀಳುತ್ತದೆ. ಹಾಲಿನ ಬದಲು ಸಕ್ಕರೆ ನೀರು, ಜೇನು, ಬಜೆ ತೇಯ್ದ ನೀರು, ಗ್ರೈಪ್ ವಾಟರ್ ಬರುತ್ತವೆ. ಇದರಲ್ಲಿ ಎರಡು ಅಪಾಯ. ಒಂದು, ಹೋಗುತ್ತಿರುವ ನೀರನ್ನು ತುಂಬುವ ಮುಖ್ಯ ದಾರಿಯೇ ಮುಚ್ಚುತ್ತದೆ. ಎರಡು, ಸಾಣೆಕಲ್ಲು, ಒಳಲೆ, ಬೆರಳು, ಸಂಗ್ರಹಿಸಿಟ್ಟ ನೀರು ಇವುಗಳ ಮೂಲಕ ಹೊಸ ಬ್ಯಾಕ್ಟೀರಿಯಾಗಳು ಒಳಗೆ ಹೋಗುತ್ತವೆ.

ಹಾಗಾಗಿ ಇಂದಿನ ವೈದ್ಯಕೀಯ ಹೇಳುವುದು ಇಷ್ಟು: ಭೇದಿಯಾದಾಗ ಎದೆಹಾಲು ನಿಲ್ಲಿಸಬಾರದು, ಇನ್ನೂ ಹೆಚ್ಚು ಸಲ ಕೊಡಬೇಕು.

ಗ್ರಾಜ್‌ನ ವರ್ಷಗಳು ಮತ್ತು ಗಜ್ಜರಿ ಸಾರು

1890ರಲ್ಲಿ ಎಶೆರಿಶ್ ಆಸ್ಟ್ರಿಯಾದ ಗ್ರಾಜ್ ನಗರಕ್ಕೆ ಮಕ್ಕಳ ವೈದ್ಯಕೀಯದ ಪ್ರಾಧ್ಯಾಪಕರಾಗಿ ಹೋದರು. 1892ರಲ್ಲಿ ಭೌತವಿಜ್ಞಾನಿ ಲಿಯೊಪೋಲ್ಡ್ ಫಾಂಡ್ಲರ್ ಅವರ ಮಗಳು ಮಾರ್ಗರೆಟೆಯನ್ನು ಮದುವೆಯಾದರು. ಒಂದು ಗಂಡು, ಒಂದು ಹೆಣ್ಣು, ಇಬ್ಬರು ಮಕ್ಕಳಾದರು.

ಗ್ರಾಜ್‌ನ ಹನ್ನೆರಡು ವರ್ಷಗಳಲ್ಲಿ ಅವರು ಆಸ್ಪತ್ರೆಯನ್ನು ಬೆಳೆಸಿದರು, ಗಂಟಲಮಾರಿ ರೋಗದ ಬಗ್ಗೆ ಕೆಲಸ ಮಾಡಿದರು, ಚಿಕ್ಕ ಹೆಣ್ಣುಮಕ್ಕಳ ಮೂತ್ರದ ಸೋಂಕಿಗೆ ಕೋಲಿ ಕಾರಣವಾಗಬಲ್ಲದು ಎಂದು ವಿವರಿಸಿದರು. ಕರುಳಿನಲ್ಲಿ ಸುಮ್ಮನಿರುವ ಬ್ಯಾಕ್ಟೀರಿಯಾ ಜಾಗ ತಪ್ಪಿದರೆ ತೊಂದರೆ ಕೊಡುತ್ತದೆ ಎಂಬುದು ಅದರಿಂದ ತಿಳಿಯಿತು. ಕೆಲವು ಕೋಲಿಗಳೇ ಭೇದಿಗೂ ಕಾರಣವಿರಬಹುದೇ ಎಂಬ ಅನುಮಾನವೂ ಇತ್ತು. ಆದರೆ ಸೂಕ್ಷ್ಮದರ್ಶಕದ ಕೆಳಗೆ ಒಳ್ಳೆಯ ಕೋಲಿ, ಕೆಟ್ಟ ಕೋಲಿ ಎರಡೂ ಒಂದೇ ತರಹ. ಬೇರ್ಪಡಿಸುವ ಉಪಾಯ ಆಗ ಇರಲಿಲ್ಲ.

ಇದೇ ಕಾಲದಲ್ಲಿ, 1892ರಲ್ಲಿ, ಆಸ್ಟ್ರಿಯಾದ ಫ್ರಾನ್ಸ್ ಶಾರ್ಡಿಂಗರ್ ಒಂದು ವಿಚಾರ ಮುಂದಿಟ್ಟರು. ಕೋಲಿಯ ಮನೆ ಕರುಳು. ಹಾಗಾಗಿ ನೀರಿನಲ್ಲಿ ಅದು ಸಿಕ್ಕರೆ ಆ ನೀರಿಗೆ ಮಲ ಸೇರಿದೆ ಎಂದೇ ಅರ್ಥ. ಗದಗಿನ ನೀರಿನ ವರದಿಯಲ್ಲಿ ಇ. ಕೋಲಿಯ ಸಾಲು ಬಂದದ್ದು ಹೀಗೆ. ಹಳ್ಳಿಗಳಲ್ಲಿ ಇಂದು ನೀರು ಹಾಕಿ ಇಡುವ ಚಿಕ್ಕ ಬಾಟಲಿ ಕಪ್ಪಾದರೆ ಕುಡಿಯಬೇಡಿ ಎನ್ನುತ್ತಾರಲ್ಲ, ಆ ಸರಳ ಪರೀಕ್ಷೆಯ ಹಿಂದಿರುವುದೂ ಕರುಳಿನ ಬ್ಯಾಕ್ಟೀರಿಯಾಗಳನ್ನು ಹುಡುಕುವ ಇದೇ ತರ್ಕ.

ಗ್ರಾಜ್‌ನಲ್ಲಿ ಎಶೆರಿಶ್ ಕೈಕೆಳಗೆ ಪಳಗಿದವರಲ್ಲಿ ಅರ್ನ್ಸ್ಟ್ ಮೊರೊ ಒಬ್ಬರು. ಹುಟ್ಟಿದ ಮಗುವಿನ ತಲೆಯನ್ನು ತುಸು ಹಿಂದಕ್ಕೆ ಬಿಟ್ಟಾಗ ಅದು ಬೆಚ್ಚಿ ಎರಡೂ ಕೈ ಚಾಚುತ್ತದೆ. ಮಕ್ಕಳ ವೈದ್ಯರು ಇಂದಿಗೂ ಪರೀಕ್ಷಿಸುವ ಆ ಪ್ರತಿಕ್ರಿಯೆಗೆ ಮೊರೊ ಅವರದೇ ಹೆಸರು. ಇದೇ ಮೊರೊ 1908ರಲ್ಲಿ ಭೇದಿಯಾದ ಶಿಶುಗಳಿಗೆ ಗಜ್ಜರಿಯನ್ನು, ಅಂದರೆ ಕ್ಯಾರೆಟ್ಟನ್ನು, ಚೆನ್ನಾಗಿ ಬೇಯಿಸಿ ನುಣ್ಣಗೆ ಮಾಡಿ ಉಪ್ಪು ಹಾಕಿದ ಸಾರನ್ನು ಕೊಡುವ ಬಗ್ಗೆ ಬರೆದರು. ಅದು ಜರ್ಮನಿಯಲ್ಲಿ ಬಹುಕಾಲ ಬಳಕೆಯಲ್ಲಿತ್ತು. ನೀರು, ಉಪ್ಪು, ತರಕಾರಿಯಲ್ಲಿನ ಪೊಟ್ಯಾಸಿಯಂ ಮತ್ತು ಸ್ವಲ್ಪ ಸಿಹಿ: ಇಂದಿನ ಓಆರ್‌ಎಸ್ ಪೊಟ್ಟಣದಲ್ಲಿರುವ ಸಾಮಾನುಗಳನ್ನು ಇದು ನೆನಪಿಸುತ್ತದೆ. ಆದರೆ ಇದನ್ನು ಓದಿ ನವಜಾತ ಶಿಶುವಿಗೆ ಗಜ್ಜರಿ ಸಾರು ಕುಡಿಸಬೇಡಿ. ಆರು ತಿಂಗಳವರೆಗೆ ಎದೆಹಾಲಲ್ಲದೆ ಬೇರೇನೂ ಬೇಡ.

ವಿಯೆನ್ನಾ: ಗೌರವ, ದುಃಖ, ಹೋರಾಟ

1902ರಲ್ಲಿ ಎಶೆರಿಶ್ ವಿಯೆನ್ನಾದ ಸೇಂಟ್ ಆನ್ನಾ ಮಕ್ಕಳ ಆಸ್ಪತ್ರೆಯ ಮುಖ್ಯಸ್ಥರಾದರು. ಆ ಕಾಲದ ಯುರೋಪಿನ ಮಕ್ಕಳ ವೈದ್ಯರಿಗೆ ಅದಕ್ಕಿಂತ ದೊಡ್ಡ ಹುದ್ದೆ ಹೆಚ್ಚೇನಿರಲಿಲ್ಲ. ಅಲರ್ಜಿ ಎಂಬ ಪದವನ್ನು 1906ರಲ್ಲಿ ಕೊಟ್ಟ ಕ್ಲೆಮೆನ್ಸ್ ಫಾನ್ ಪಿರ್ಕೆ, ಗಂಟಲಮಾರಿಯ ಪರೀಕ್ಷೆ ಕಂಡುಹಿಡಿದ ಬೇಲಾ ಶಿಕ್ ಇಬ್ಬರೂ ಅಲ್ಲಿ ಅವರ ಸಹಾಯಕರಾಗಿದ್ದವರು.

ವಿಯೆನ್ನಾದ ಈ ವರ್ಷಗಳಲ್ಲೇ ಅವರ ಮಗ ಲಿಯೊ ಹತ್ತನೆಯ ವಯಸ್ಸಿನಲ್ಲಿ ಅಪೆಂಡಿಸೈಟಿಸ್‌ನಿಂದ ತೀರಿಕೊಂಡ. ತಂದೆ ಊರಿಗೇ ಹೆಸರಾದ ಮಕ್ಕಳ ವೈದ್ಯ. ಆದರೂ ಉಳಿಸಿಕೊಳ್ಳಲಾಗಲಿಲ್ಲ. ಸೋಂಕಿಗೆ ಆಂಟಿಬಯೋಟಿಕ್ ಇಲ್ಲದ ಕಾಲವದು.

1903ರಲ್ಲಿ ಎಶೆರಿಶ್ ಶಿಶುರಕ್ಷಣಾ ಸಂಘವೊಂದನ್ನು ಕಟ್ಟಿದರು. ಪ್ರಯೋಗಾಲಯದಲ್ಲಿ ಕಂಡದ್ದನ್ನು ಬಡ ತಾಯಂದಿರ ಮನೆಗೆ ತಲುಪಿಸುವುದು ಅದರ ಉದ್ದೇಶ. ತಾಯಂದಿರಿಗೆ ಸಲಹಾ ಕೇಂದ್ರ, ಎದೆಹಾಲಿಗೆ ಪ್ರೋತ್ಸಾಹ, ಎದೆಹಾಲು ಸಿಗದ ಮಕ್ಕಳಿಗೆ ಶುದ್ಧೀಕರಿಸಿದ ಹಾಲು, ಶಿಶು ಆರೈಕೆಗೆ ದಾದಿಯರ ತರಬೇತಿ ಇವು ಅದರ ಕೆಲಸಗಳು. ಕೂಸುಗಳ ಸಾವು ವಿಧಿಯಲ್ಲ, ತಡೆಯಬಹುದಾದದ್ದು ಎಂಬುದನ್ನು ಅವರು ಅಧಿಕಾರಿಗಳಿಗೂ ಹಣವಂತರಿಗೂ ಹೇಳುತ್ತ ಹೋದರು. ಇಂದು ನಮ್ಮ ಓಣಿಗೆ ಬರುವ ಆಶಾ ಕಾರ್ಯಕರ್ತೆಯ ಕೆಲಸವೂ ಬಹುಪಾಲು ಇದೇ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಅವರು 3, 7, 14, 21, 28 ಮತ್ತು 42ನೇ ದಿನ ಮನೆಗೆ ಬಂದು ಮಗುವನ್ನು ನೋಡಬೇಕು. ಬಂದಾಗ ತೂಕ ಮಾಡಿಸಿಕೊಳ್ಳಿ, ಮಲ ಮೂತ್ರದ ಬಗ್ಗೆ ಸಂಕೋಚವಿಲ್ಲದೆ ಹೇಳಿ.

ವಿಯೆನ್ನಾದಲ್ಲಿ ಹೊಸ ಮಕ್ಕಳ ಚಿಕಿತ್ಸಾಲಯ ಕಟ್ಟಿಸಲು ಎಶೆರಿಶ್ ವರ್ಷಗಟ್ಟಲೆ ದುಡಿದರು. ಅದು 1911ರಲ್ಲಿ ತೆರೆಯಿತು. ಆದರೆ ನೋಡಲು ಅವರಿರಲಿಲ್ಲ. ಅದೇ ವರ್ಷದ ಫೆಬ್ರವರಿ 15ರಂದು, 53ನೇ ವಯಸ್ಸಿನಲ್ಲಿ, ಮೆದುಳಿನ ಆಘಾತದಿಂದ ತೀರಿಕೊಂಡಿದ್ದರು.

ಅವರಿಗೆ ಸಿಗದ ಉತ್ತರ

1919ರಲ್ಲಿ ಕಾಸ್ಟೆಲ್ಲಾನಿ ಮತ್ತು ಚಾಲ್ಮರ್ಸ್ ಎಂಬ ವಿಜ್ಞಾನಿಗಳು ಕೋಲಿ ಬ್ಯಾಕ್ಟೀರಿಯಾದ ಕುಲಕ್ಕೆ ಎಶೆರಿಶ್ ಅವರ ಹೆಸರಿಟ್ಟರು. ಅವರ ಅನುಮಾನ ನಿಜವೆಂದು ಗೊತ್ತಾಗಲು ಇನ್ನೂ ಕಾಲ ಬೇಕಾಯಿತು. 1945ರಲ್ಲಿ ಇಂಗ್ಲೆಂಡಿನ ಜಾನ್ ಬ್ರೇ, ಶಿಶುಗಳ ಬೇಸಿಗೆ ಭೇದಿಗೆ ಒಂದು ವಿಶೇಷ ಬಗೆಯ ಕೋಲಿ ಕಾರಣ ಎಂದು ತೋರಿಸಿದರು. 1950ರ ದಶಕದಲ್ಲಿ ಕಲ್ಕತ್ತೆಯ ಶಂಭುನಾಥ್ ಡೇ ಮೊಲದ ಕರುಳಿನ ತುಂಡಿನಲ್ಲಿ ಪ್ರಯೋಗ ಮಾಡಿ, ಕಾಲರಾ ಬ್ಯಾಕ್ಟೀರಿಯಾ ಮತ್ತು ಕೆಲವು ಕೋಲಿಗಳು ಕರುಳಿನೊಳಕ್ಕೆ ನೀರು ಸುರಿಯುವಂತೆ ಮಾಡುತ್ತವೆ ಎಂದು ಕಂಡರು. ಕಾಲರಾದಲ್ಲಿ ಅದಕ್ಕೆ ಕಾರಣ ಒಂದು ವಿಷ ಎಂದು 1959ರಲ್ಲಿ ಸ್ಪಷ್ಟಪಡಿಸಿದರು.

ಅಂದರೆ ಮಗುವನ್ನು ಕೊಲ್ಲುವುದು ಬಹುತೇಕ ಸಲ ಬ್ಯಾಕ್ಟೀರಿಯಾ ನೇರವಾಗಿ ಅಲ್ಲ, ನೀರು ಮತ್ತು ಲವಣದ ನಷ್ಟ. ಎಶೆರಿಶ್ ಕಾಲದ ವೈದ್ಯರು ಆಹಾರ ಬದಲಿಸಿ ಭೇದಿ ನಿಲ್ಲಿಸಲು ಹೆಣಗಿದರು. ಎಶೆರಿಶ್ ಕೂಡ ಮಲ ಹುಳಿಯಾಗಿದ್ದರೆ ಸಕ್ಕರೆ ಕಡಿಮೆ ಮಾಡು, ಕೊಳೆತ ವಾಸನೆಯಿದ್ದರೆ ಹೆಚ್ಚು ಮಾಡು ಎಂಬ ರೀತಿಯ ಪಥ್ಯ ಸೂಚಿಸಿದ್ದರು. ಭೇದಿ ನಿಲ್ಲುವವರೆಗೆ ಕಾಯದೆ, ಹೋದ ನೀರನ್ನು ಹೋದಂತೆಯೇ ತುಂಬಬೇಕು ಎಂಬ ಅಳತೆ ಗೊತ್ತಾದ ಉಪಾಯ ಅವರ ಕೈಯಲ್ಲಿ ಇರಲಿಲ್ಲ.

ಆ ಉಪಾಯ ಬಂದದ್ದು ಗ್ಲೂಕೋಸ್ ಇದ್ದರೆ ಕರುಳು ಉಪ್ಪನ್ನೂ ಅದರ ಹಿಂದೆ ನೀರನ್ನೂ ಹೀರಿಕೊಳ್ಳುತ್ತದೆ ಎಂದು ತಿಳಿದ ಮೇಲೆ. ವಿಷ ತಗುಲಿದ ಕರುಳಿನಲ್ಲೂ ಈ ಬಾಗಿಲು ತೆರೆದೇ ಇರುತ್ತದೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ದಿಲೀಪ್ ಮಹಾಲನಬಿಸ್ ಡ್ರಿಪ್ ಬಾಟಲಿಗಳು ಮುಗಿದಾಗ ಉಪ್ಪು ಸಕ್ಕರೆ ದ್ರಾವಣವನ್ನು ಬಾಯಿಗೆ ಕುಡಿಸಿ ಇದನ್ನು ತೋರಿಸಿಕೊಟ್ಟರು. ಸುಮಾರು 30 ಪ್ರತಿಶತ ಇದ್ದ ಸಾವು 4 ಪ್ರತಿಶತಕ್ಕಿಂತ ಕೆಳಗಿಳಿಯಿತು. ಎಶೆರಿಶ್ ತೀರಿಕೊಂಡು ಆಗ 60 ವರ್ಷವಾಗಿತ್ತು.

ಭೇದಿಗೆ ಎಲ್ಲ ಸಲವೂ ಬ್ಯಾಕ್ಟೀರಿಯಾವೇ ಕಾರಣವಲ್ಲ. ಶಿಶುಗಳಲ್ಲಿ ರೋಟಾ ಎಂಬ ವೈರಸ್ ದೊಡ್ಡ ಕಾರಣ. ಇಲ್ಲೂ ನವಜಾತ ಶಿಶುಗಳೇ ದಾರಿ ತೋರಿದರು. ಬೆಂಗಳೂರು ಮತ್ತು ದೆಹಲಿಯ ಆಸ್ಪತ್ರೆಗಳಲ್ಲಿ ಹುಟ್ಟಿದ ಕೆಲವು ಕೂಸುಗಳ ಮಲದಲ್ಲಿ ರೋಟಾವೈರಸ್ ಇದ್ದರೂ ಭೇದಿ ಇರಲಿಲ್ಲ. ಹಾಗೆ ದೆಹಲಿಯಲ್ಲಿ ಸಿಕ್ಕ ತಳಿಯಿಂದಲೇ ಭಾರತದ ರೋಟಾ ಲಸಿಕೆ ತಯಾರಾಯಿತು. ಈಗ 6, 10 ಮತ್ತು 14ನೇ ವಾರದಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ರೋಟಾ ಲಸಿಕೆಯನ್ನು ಉಚಿತವಾಗಿ ಬಾಯಿಗೆ ಹಾಕುತ್ತಾರೆ. ಆರೋಗ್ಯವಂತ ಮಗುವಿನ ಮಲ ನೋಡುವ ಎಶೆರಿಶ್ ಅಭ್ಯಾಸಕ್ಕೆ ನೂರು ವರ್ಷದ ನಂತರವೂ ಬೆಲೆ ಇತ್ತು.

ನಮ್ಮ ಕೂಸಿಗೆ ಭೇದಿಯಾದರೆ

ಮೂರು ಕಿಲೋ ತೂಕದ ನವಜಾತ ಶಿಶುವಿನ ದೇಹದ ಸುಮಾರು ಮುಕ್ಕಾಲು ಭಾಗ ನೀರು. ಅದು ತೂಕದ ಹತ್ತನೇ ಒಂದು ಭಾಗ ನೀರು ಕಳೆದುಕೊಂಡರೆ ಜೀವಕ್ಕೆ ಅಪಾಯ. ಹತ್ತನೇ ಒಂದು ಭಾಗ ಎಂದರೆ 300 ಮಿಲಿಲೀಟರ್, ಒಂದು ದೊಡ್ಡ ಸ್ಟೀಲ್ ಲೋಟದಷ್ಟು. ದೊಡ್ಡವರಿಗೆ ಲೆಕ್ಕಕ್ಕಿಲ್ಲದ ಇಷ್ಟು ನೀರು ಕೂಸಿನಿಂದ ಅರ್ಧ ದಿನದಲ್ಲಿ ಹೋಗಿಬಿಡಬಹುದು. ಹಾಗಾಗಿ ಎರಡು ತಿಂಗಳೊಳಗಿನ ಮಗುವಿಗೆ ನಿಜವಾದ ಭೇದಿ ಕಂಡರೆ ನಾಳೆ ನೋಡೋಣ ಎನ್ನಬೇಡಿ. ಅದೇ ದಿನ ವೈದ್ಯರಿಗೆ ತೋರಿಸಿ.

ಈ ಲಕ್ಷಣಗಳಲ್ಲಿ ಒಂದಿದ್ದರೂ ತಕ್ಷಣ ಹೊರಡಿ: ಮಗು ಹಾಲು ಚೀಪುತ್ತಿಲ್ಲ. ಮಂಕಾಗಿ ಮಲಗಿದೆ, ಮುಟ್ಟಿದರೆ ಮಾತ್ರ ಅಲುಗುತ್ತದೆ, ಇಲ್ಲವೇ ಸಮಾಧಾನವಿಲ್ಲದೆ ಅಳುತ್ತದೆ. ಕಣ್ಣು ಗುಳಿಬಿದ್ದಿದೆ. ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ನಿಧಾನವಾಗಿ ಮರಳುತ್ತದೆ. ಆರೇಳು ಗಂಟೆಯಿಂದ ಮೂತ್ರವಿಲ್ಲ. ಮಲದಲ್ಲಿ ರಕ್ತವಿದೆ. ವಾಂತಿ ನಿಲ್ಲುತ್ತಿಲ್ಲ. ಮೈ ಸುಡುತ್ತಿದೆ ಅಥವಾ ತಣ್ಣಗಾಗಿದೆ. ಉಸಿರು ನಿಮಿಷಕ್ಕೆ 60 ಅಥವಾ ಹೆಚ್ಚು. ಫಿಟ್ಸ್ ಬಂದಿದೆ.

ನೆತ್ತಿ ಕುಸಿದಿದೆ ಎಂದು ಹಿರಿಯರು ಗುರುತಿಸುತ್ತಾರೆ. ಅವರ ಕಣ್ಣು ಸರಿಯಾಗಿಯೇ ನೋಡಿದೆ, ಅದು ನೀರು ಕಡಿಮೆಯಾದ ಗುರುತು. ಆದರೆ ನೆತ್ತಿಯ ಮೇಲೆ ಹರಳೆಣ್ಣೆ ಇಟ್ಟರೆ ಅದು ಮೇಲೇಳುವುದಿಲ್ಲ. ದೇಹದೊಳಗೆ ನೀರು ಸೇರಿದರೆ ಮಾತ್ರ ಏಳುತ್ತದೆ. ಉತ್ತರ ಕರ್ನಾಟಕದ ಕೆಲವು ಕಡೆ ಇಂದಿಗೂ ಉಳಿದಿರುವ ಬರೆ ಹಾಕುವ ಪದ್ಧತಿಯಂತೂ ನೀರಿಲ್ಲದೆ ಬಳಲಿದ ಕೂಸಿಗೆ ಸುಟ್ಟ ಗಾಯವನ್ನೂ ಸೋಂಕನ್ನೂ ಸೇರಿಸುತ್ತದೆ.

ದಾರಿಯಲ್ಲಿ ಮಾಡಬೇಕಾದದ್ದು: ಮಗುವನ್ನು ಎದೆಗೆ ಒತ್ತಿ ಬೆಚ್ಚಗೆ ಸುತ್ತಿಕೊಳ್ಳಿ, ಕುಡಿದಷ್ಟೂ ಹಾಲು ಕೊಡಿ. ಚೀಪಲು ಆಗದಿದ್ದರೆ ಹಾಲು ಹಿಂಡಿ ಶುದ್ಧ ಚಮಚದಿಂದ ಸ್ವಲ್ಪ ಸ್ವಲ್ಪ ಹಾಕಿ. ಮಗು ಎಚ್ಚರದಲ್ಲಿಲ್ಲದಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ. ಓಆರ್‌ಎಸ್ ಅನ್ನು ಇಷ್ಟು ಚಿಕ್ಕ ಮಗುವಿಗೆ ವೈದ್ಯರು ಅಥವಾ ಆರೋಗ್ಯ ಕಾರ್ಯಕರ್ತೆ ಹೇಳಿದ ಅಳತೆಯಲ್ಲೇ ಕೊಡಬೇಕು, ಅದೂ ಎದೆಹಾಲಿನ ಜೊತೆಗೆ. ಪೂರ್ತಿ ಪೊಟ್ಟಣವನ್ನು ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೇ ಕಲಸಬೇಕು, 24 ಗಂಟೆಯ ನಂತರ ಚೆಲ್ಲಬೇಕು. ಅಂದಾಜಿನಲ್ಲಿ ಅರ್ಧ ಪೊಟ್ಟಣ ಲೋಟಕ್ಕೆ ಹಾಕಿದರೆ ಉಪ್ಪು ಹೆಚ್ಚಾಗಿ ಮೆದುಳಿಗೆ ಪೆಟ್ಟು. ಬರೀ ನೀರು ಕುಡಿಸಿದರೆ ಉಪ್ಪು ಕಡಿಮೆಯಾಗಿ ಫಿಟ್ಸ್ ಬರಬಹುದು. ದೊಡ್ಡವರ ಭೇದಿ ನಿಲ್ಲಿಸುವ ಮಾತ್ರೆಯನ್ನು ಮುರಿದು ಕೊಡುವುದು ಅತ್ಯಂತ ಅಪಾಯ. ಅದು ಕರುಳಿನ ಚಲನೆಯನ್ನೇ ನಿಲ್ಲಿಸಿಬಿಡಬಹುದು. ಅಂಗನವಾಡಿಯಲ್ಲಿ ಸಿಗುವ ಸತುವಿನ ಮಾತ್ರೆ ಎರಡು ತಿಂಗಳು ದಾಟಿದ ಮಕ್ಕಳಿಗೆ.

ಶಿರಹಟ್ಟಿ, ಮುಂಡರಗಿಯಲ್ಲಿ ತಾಲ್ಲೂಕು ಆಸ್ಪತ್ರೆ ಇದೆ, ಲಕ್ಷ್ಮೇಶ್ವರದಲ್ಲೂ ಸರ್ಕಾರಿ ಆಸ್ಪತ್ರೆ ಇದೆ. ಹೆಚ್ಚಿನ ಚಿಕಿತ್ಸೆ ಬೇಕಾದರೆ ಗದಗದ ಜಿಲ್ಲಾ ಆಸ್ಪತ್ರೆಗೆ ಕಳಿಸುತ್ತಾರೆ. ಗಾಡಿ ಇಲ್ಲದಿದ್ದರೆ 108ಕ್ಕೆ ಕರೆ ಮಾಡಿ. ರಾತ್ರಿಯಾಗಿದೆ ಎಂದು ಬೆಳಕು ಹರಿಯುವವರೆಗೆ ಕಾಯಬೇಡಿ.

ಇನ್ನು ಮನೆಯಲ್ಲಿ: ಕೂಸನ್ನು ಎತ್ತುವ ಮೊದಲು, ಅದರ ಮಲ ತೊಳೆದ ಮೇಲೆ ಸೋಪಿನಿಂದ ಕೈ ತೊಳೆಯಿರಿ. ತುಂಬಿಟ್ಟ ನೀರಿಗೆ ಮುಚ್ಚಳ ಹಾಕಿ, ಕೈ ಅದ್ದದೆ ಉದ್ದ ಹಿಡಿಕೆಯ ಸೌಟಿನಿಂದ ತೆಗೆಯಿರಿ. ಬಾಣಂತಿಗೆ ನೀರು ಕಡಿಮೆ ಕೊಡುವ ರೂಢಿ ಬಿಡಿ, ಅವಳಿಗೆ ಬಾಯಾರಿದಷ್ಟೂ ಕುದಿಸಿ ಆರಿಸಿದ ನೀರು ಕೊಡಿ.

ಎಶೆರಿಶ್ ಬದುಕಿದ್ದ ಕಾಲದಲ್ಲಿ ಭೇದಿಯಾದ ಕೂಸಿನ ಮುಂದೆ ಕುಳಿತ ವೈದ್ಯನಿಗೆ ಗೊತ್ತಿದ್ದದ್ದು ಸ್ವಲ್ಪ, ಕೈಯಲ್ಲಿದ್ದದ್ದು ಇನ್ನೂ ಸ್ವಲ್ಪ. ಇಂದು ಬೆಟಗೇರಿಯ ನೇಕಾರರ ಓಣಿಯ ತಾಯಿಗೂ ಅವರಿಗಿಂತ ಹೆಚ್ಚು ಉಪಾಯಗಳು ಕೈಗೆಟುಕುವಂತಿವೆ. ಅವುಗಳಲ್ಲಿ ಮೊದಲನೆಯದು ಮಾತ್ರ ಅವರು ಅಂದೇ ಗುರುತಿಸಿದ್ದು, ದುಡ್ಡು ಕೊಟ್ಟು ತರಬೇಕಾಗಿಲ್ಲದ್ದು: ತಾಯಿಯ ಹಾಲು. ಮುಂದಿನ ಸಲ ನೀರಿನ ವರದಿಯಲ್ಲಿ ಇ. ಕೋಲಿ ಎಂದು ಕಂಡಾಗ, ಮನೆಯಲ್ಲಿ ಕೂಸಿದ್ದರೆ, ಆ ನೀರನ್ನು ಕುದಿಸಿ. ಕೂಸಿಗೆ ಭೇದಿಯಾದರೆ ಹಾಲು ಬಿಡಿಸಬೇಡಿ.